ಸರ್ಕಾರಿ ಕಚೇರಿ ರಿಪೇರಿಗೆ ಕಂಪನಿಯವರು ಬೇಕೇ?

ಪರ: ಬರಲಿ, ಲೆಕ್ಕ ಕಲಿಸಲಿ

ಬೆಂಗಳೂರಿನಲ್ಲಿ ಒಬ್ಬರು ರಸ್ತೆಗೆ ಟಾರು ಹಾಕುತ್ತಾರೆ. ಮರುವಾರ ಇನ್ನೊಬ್ಬರು ಪೈಪಿಗೆಂದು ಅದನ್ನೇ ಅಗೆಯುತ್ತಾರೆ. ಇಬ್ಬರೂ ಸರ್ಕಾರದವರೇ. ಈ ಕಾಯಿಲೆಗೆ ಮದ್ದು ಹುಡುಕಲು ಆಗಿನ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ 1999ರಲ್ಲಿ ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್ ಎಂಬ ಸಮಿತಿ ಮಾಡಿದರು. ಅಧ್ಯಕ್ಷರು ಇನ್ಫೋಸಿಸ್‌ನ ನಂದನ್ ನಿಲೇಕಣಿ. ಪಾಲಿಕೆ, ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ), ನೀರು, ಕರೆಂಟು, ಬಸ್ಸು, ಪೊಲೀಸ್, ಟೆಲಿಫೋನ್, ಹೀಗೆ ಏಳು ಸಂಸ್ಥೆಗಳ ಮುಖ್ಯಸ್ಥರು ಜನರ ಎದುರು ವೇದಿಕೆ ಹತ್ತಿ ‘ಇಷ್ಟು ಮಾಡ್ತೀವಿ’ ಅನ್ನಬೇಕು. ಮುಂದಿನ ಸಲ ಬಂದು ಎಷ್ಟಾಯಿತು ಅಂತ ಹೇಳಬೇಕು. ಫೈಲಿನ ಹಿಂದೆ ಬಚ್ಚಿಟ್ಟುಕೊಳ್ಳುವ ಹಾಗಿರಲಿಲ್ಲ.

ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಮನೆ ಕಂದಾಯದ ಫಾರಂ. ಮೊದಲು ಮನೆಗೆ ಎಷ್ಟು ಬಾಡಿಗೆ ಬರಬಹುದೆಂದು ಅಧಿಕಾರಿಯೇ ಅಂದಾಜು ಹಾಕಿ ತೆರಿಗೆ ಗೊತ್ತು ಮಾಡುತ್ತಿದ್ದರು. ಅಂದಾಜು ಎಂದಮೇಲೆ ಚೌಕಾಸಿಗೂ ಜಾಗ ಇರುತ್ತೆ, ಅಲ್ವಾ? 2000ದಲ್ಲಿ ಟಾಸ್ಕ್ ಫೋರ್ಸ್ ಬೆಂಬಲದಿಂದ ಪಾಲಿಕೆ ಹೊಸ ಪದ್ಧತಿ ತಂದಿತು. ಮಾಲೀಕನೇ ಚದರಡಿ ಎಣಿಸಿ, ತನ್ನ ಬಡಾವಣೆಯ ದರದಿಂದ ಗುಣಿಸಿ, ದುಡ್ಡು ಕಟ್ಟಿ ಬರುವಂತಾಯಿತು. ಪಾಲಿಕೆಯ ಲೆಕ್ಕದ ಪುಸ್ತಕವೂ ಬದಲಾಯಿತು. ಬರೀ ಬಂದದ್ದು ಹೋದದ್ದು ಬರೆಯುತ್ತಿದ್ದ ಕಡೆ ಆಸ್ತಿ ಎಷ್ಟು, ಸಾಲ ಎಷ್ಟು ಎಂಬುದೂ ಸೇರಿತು. ಅಂಗಡಿ ಸೇಟುಗೆ ಇದು ಹೊಸದೇನಲ್ಲ; ಪಾಲಿಕೆಗೆ ಹೊಸದು. ಆಮೇಲೆ ಸರ್ಕಾರ ಬದಲಾಯಿತು, ಟಾಸ್ಕ್ ಫೋರ್ಸ್ ಹೋಯಿತು. ಕಂದಾಯವನ್ನು ನಾವೇ ಲೆಕ್ಕ ಹಾಕಿ ಕಟ್ಟುವ ರೂಢಿ ಹೋಗಲಿಲ್ಲ.

ವಿರೋಧ: ಕೇಳುವವರು ಯಾರನ್ನು ಕೇಳಬೇಕು?

ಲೆಕ್ಕ ಕಲಿಸಿದ್ದು ಸರಿ. ಆದರೆ ಮೇಷ್ಟ್ರನ್ನು ನೇಮಿಸಿದ್ದು ಯಾರು? ಮುಖ್ಯಮಂತ್ರಿ. ಜನ ಓಟು ಹಾಕಿ ಕಳಿಸಿದವರಲ್ಲ. 1992ರ ಸಂವಿಧಾನದ 74ನೇ ತಿದ್ದುಪಡಿ ಊರಿನ ಆಡಳಿತ ಚುನಾಯಿತ ಕೌನ್ಸಿಲ್ ಕೈಯಲ್ಲಿರಲಿ ಅನ್ನುತ್ತದೆ. ಇಲ್ಲಿ ವೇದಿಕೆ ಮೇಲೆ ಅಧಿಕಾರಿಗಳಿದ್ದರು, ಉದ್ಯಮಿಗಳಿದ್ದರು. ಕಾರ್ಪೊರೇಟರ್‌ಗಳು ಬದಿಗೆ ಸರಿದರು. ಅವರೇನು ಸಾಚಾಗಳು ಅಂತಲ್ಲ. ಕೆಟ್ಟವರಾದರೆ ಮುಂದಿನ ಚುನಾವಣೆಯಲ್ಲಿ ಮನೆಗೆ ಕಳಿಸಬಹುದು. ಟಾಸ್ಕ್ ಫೋರ್ಸ್ ಸದಸ್ಯರನ್ನು?

2004ರಲ್ಲಿ ಕೃಷ್ಣ ಅವರ ಅಧಿಕಾರ ಹೋಯಿತು, ಜೊತೆಗೇ ಟಾಸ್ಕ್ ಫೋರ್ಸ್ ಕೂಡ. ಒಬ್ಬರ ಒಲವಿನ ಮೇಲೆ ನಿಂತದ್ದು ಇನ್ನೆಷ್ಟು ದಿನ ನಿಂತೀತು? ಟಾರು ಹಾಕಿದ ರಸ್ತೆ ಅಗೆಯುವುದು ಇವತ್ತಿಗೂ ನಡೆದೇ ಇದೆ.

ಇನ್ನು, ಪಾಲಿಕೆಯ ಆಸ್ತಿ ಪುಸ್ತಕದಲ್ಲಿ ಖಾತೆಯೇ ಇಲ್ಲದ ಸ್ಲಂ ಮನೆಯವನಿಗೆ ಆ ಫಾರಂ ಯಾವ ಕೆಲಸಕ್ಕೆ? ಅವನಿಗೆ ಬೇಕಿರುವುದು ನಲ್ಲಿ. ಅದಕ್ಕೆ ಅವನು ಹೋಗುತ್ತಿದ್ದುದು ಕಾರ್ಪೊರೇಟರ್ ಮನೆಗೆ. ನಮ್ಮ ಬೀದಿಯ ತಾತ ಒಬ್ಬರು ಮೋರಿ ಕಟ್ಟಿಕೊಂಡರೆ ಬೆಳಿಗ್ಗೆ ಆರಕ್ಕೇ, ಲುಂಗಿಯಲ್ಲೇ, ಹೋಗಿ ಗೇಟು ಬಡಿಯುತ್ತಿದ್ದರು. ಚೆನ್ನಾಗಿ ಬೈದು ಬರುತ್ತಿದ್ದರು. ಸಂಜೆಯೊಳಗೆ ಯಾರಾದರೂ ಹಾರೆ ಹಿಡಿದು ಬರುತ್ತಿದ್ದರು. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಕೌನ್ಸಿಲ್ ಅವಧಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಈಗ ಆಪ್‌ನಲ್ಲಿ ಫೋಟೊ ಹಾಕಿ ಅಂತಾರೆ. ತಾತನ ಫೋನಿನಲ್ಲಿ ಕ್ಯಾಮರಾ ಇಲ್ಲ.