ಹಿಂದುಳಿದವರನ್ನು ಎಣಿಸಲು ಶಾಲೆಗೆ ಬೀಗ

ಶಿಕ್ಷಣದಲ್ಲಿ ಯಾರು ಹಿಂದುಳಿದಿದ್ದಾರೆ ಎಂದು ತಿಳಿಯಲು ನಮ್ಮ ಸರ್ಕಾರ 2025ರ ಅಕ್ಟೋಬರ್‌ನಲ್ಲಿ ಒಂದು ಅಮೋಘ ಉಪಾಯ ಕಂಡುಹಿಡಿಯಿತು. ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ದಸರಾ ರಜೆಯೊಳಗೆ ಮುಗಿಯಲಿಲ್ಲವಾದ್ದರಿಂದ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನು 18ನೇ ತಾರೀಖಿನವರೆಗೆ ಎಳೆಯಿತು. ಅನುದಾನರಹಿತ ಖಾಸಗಿ ಶಾಲೆಗಳಿಗೆ ಈ ಭಾಗ್ಯವಿರಲಿಲ್ಲ, ಪಾಪ, ಅವು ಪಾಠ ಮಾಡಬೇಕಾಯಿತು. ಸಕಲೇಶಪುರದ ಬಿ.ಎಂ. ರಸ್ತೆಯಲ್ಲಿ ಹಳದಿ ಬಸ್ಸುಗಳು ಟೈ ಕಟ್ಟಿದ ಮಕ್ಕಳನ್ನು ತುಂಬಿಕೊಂಡು ಹೊರಟರೆ, ಕಾಫಿ ತೋಟದ ಲೈನ್ ಮನೆಗಳ ಮಕ್ಕಳು ಅಂಗಳದಲ್ಲಿ ಗೋಲಿ ಆಡುತ್ತಿದ್ದರು. ಅವರ ಮೇಷ್ಟ್ರು ಅದೇ ಅಂಗಳಕ್ಕೆ ಬಂದು, ಮೊಬೈಲ್ ಹಿಡಿದು, ಈ ಕುಟುಂಬ ಏಕೆ ಹಿಂದುಳಿದಿದೆ ಎಂಬುದನ್ನು 60 ಪ್ರಶ್ನೆಗಳಲ್ಲಿ ವಿಚಾರಿಸುತ್ತಿದ್ದರು. ಗೋಲಿ ಆಡುತ್ತಿದ್ದವರನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಒಂದೇ ಪ್ರಶ್ನೆಗೆ ಸಮೀಕ್ಷೆ ಮುಗಿಯುತ್ತಿತ್ತು, ಒಟಿಪಿಗಾಗಿ ಮೇಷ್ಟ್ರು ಗುಡ್ಡ ಹತ್ತುವುದೂ ತಪ್ಪುತ್ತಿತ್ತು.

ಎಣಿಕೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಎಣಿಸದೆ ನ್ಯಾಯ ಹಂಚಲಾಗದು. ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರ ಪಾಲು ಹೆಚ್ಚಿಸುವ ದಾರಿ ಹುಡುಕಲು 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿ, ದಿವಾನ್ ವಿಶ್ವೇಶ್ವರಯ್ಯನವರ ಅಸಮ್ಮತಿಯ ನಡುವೆಯೂ, ಮರುವರ್ಷವೇ ವರದಿ ಕೊಟ್ಟಿತು. ಕಂಪ್ಯೂಟರ್ ಇಲ್ಲದ ಕಾಲ, ಬೇಗ ಮುಗಿಯಿತು. ನಮ್ಮ ಕಾಲದಲ್ಲಿ 2015ರಲ್ಲಿ ಮನೆಮನೆಗೆ ಹೋಗಿ ಮಾಡಿದ ಸಮೀಕ್ಷೆಯ ವರದಿ ಸರ್ಕಾರದ ಕೈಸೇರಿದ್ದು 2024ರ ಫೆಬ್ರುವರಿಯಲ್ಲಿ. ಮರುವರ್ಷ ಅದನ್ನು ಬದಿಗಿಟ್ಟರು. ಕಾರಣ? ಅಂಕಿ ಅಂಶ ಹಳೆಯದಾಗಿತ್ತು! 2015ರಲ್ಲಿ ಒಂದನೇ ತರಗತಿಗೆ ಸೇರಿದ ಮಗು ಅಷ್ಟರಲ್ಲಿ ಎಸ್ಸೆಸ್ಸೆಲ್ಸಿ ಬರೆದಾಗಿತ್ತು.

ಇನ್ನು ದೆಹಲಿಯವರ ಲೆಕ್ಕ. ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಒದಗಿಸಲು ಸಂವಿಧಾನದ 45ನೇ ವಿಧಿ ಕೊಟ್ಟಿದ್ದ ಗಡುವು ಹತ್ತು ವರ್ಷ. ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ತಾರೀಖಿನ ಆಯ್ಕೆಯಲ್ಲಿ ನನ್ನ ಪಾತ್ರವಿಲ್ಲ.

ಈ ಕಾಯ್ದೆ ನಮ್ಮಲ್ಲಿ ತಿರುಗಿದ ಪರಿಯನ್ನಂತೂ ಯಾವ ನಾಟಕಕಾರನೂ ಕಲ್ಪಿಸಲಾರ. ಮೊದಲ ಅಂಕದಲ್ಲಿ ಖಾಸಗಿ ಶಾಲೆಗಳ ಶೇ 25ರಷ್ಟು ಸೀಟುಗಳನ್ನು ಬಡ ಮಕ್ಕಳಿಗೆ ಮೀಸಲಿಟ್ಟು, ಶುಲ್ಕವನ್ನು ಸರ್ಕಾರವೇ ಕಟ್ಟಿತು. ಮಕ್ಕಳು ಹೋದರು, ಸರ್ಕಾರಿ ಶಾಲೆಯ ಬೆಂಚು ಖಾಲಿಯಾಯಿತು. 2019ರಲ್ಲಿ ಎರಡನೇ ಅಂಕ: ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಸೀಟು ಇಲ್ಲ. ಛಾವಣಿ ಸೋರಲಿ, ಒಬ್ಬರೇ ಮೇಷ್ಟ್ರು ಐದು ತರಗತಿ ನೋಡಿಕೊಳ್ಳಲಿ, ಶಾಲೆ ಇದೆಯಲ್ಲ, ಅಲ್ಲಿಗೇ ಹೋಗಿ. ಈಗ ಮೂರನೇ ಅಂಕ. ಮಕ್ಕಳು ಕಡಿಮೆ ಇರುವ ಶಾಲೆಗಳನ್ನು ಸರ್ಕಾರದ್ದೇ ಆದ ದೂರದ ಕರ್ನಾಟಕ ಪಬ್ಲಿಕ್ ಶಾಲೆಗಳಿಗೆ ವಿಲೀನ ಮಾಡುವ ಮಾತು. ಬಡವ ಖಾಸಗಿ ಸೀಟು ಕೇಳಿದಾಗ ಕಣ್ಣಿಗೆ ಬಿದ್ದ ಶಾಲೆ, ಅದೇ ಬಡವ ಮೇಷ್ಟ್ರನ್ನು ಕೇಳಿದಾಗ ಕಣ್ಮರೆ.

ದೂರದ ಶಾಲೆಗೆ ಬಸ್ ಬಿಡುತ್ತಾರಂತೆ. ಆಲೂರು, ಸಕಲೇಶಪುರದ ಕಡೆ ಬೆಳಗಿನ ಹೊತ್ತು ರಸ್ತೆ ಯಾರದ್ದೆಂದು ಕಾಡಾನೆಗಳ ಜೊತೆ ಮೊದಲು ಮಾತಾಡಿಕೊಳ್ಳುವುದು ಒಳ್ಳೆಯದು.

ಆದರೂ ಈ ನಿಯಮಗಳನ್ನು ಒಟ್ಟಿಗೆ ಓದಿದರೆ ಒಂದು ಒಳದಾರಿ ಕಾಣುತ್ತದೆ. ಊರಿನ ಶಾಲೆ ಹೋದರೆ ನೆರೆಹೊರೆಯಲ್ಲಿ ಸರ್ಕಾರಿ ಶಾಲೆ ಇಲ್ಲದಂತಾಯಿತು. ಇಲ್ಲವೆಂದಾದರೆ ಖಾಸಗಿ ಸೀಟಿಗೆ ಅರ್ಜಿ ಹಾಕಬಹುದು. ಅಂದರೆ ಬಡವನ ಮಗುವಿಗೆ ಕಾನ್ವೆಂಟ್ ಬಾಗಿಲು ತೆರೆಯಲು ಮೊದಲು ಸರ್ಕಾರಿ ಶಾಲೆಯನ್ನು ಮುಗಿಸಬೇಕು. ಇದಕ್ಕೆ ಹೋರಾಟವೂ ಬೇಕಿಲ್ಲ, ಇಲಾಖೆಯೇ ಸಮರ್ಥವಾಗಿದೆ.

ಅಡ್ಡಿಯಾಗಿರುವುದು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷರು ಮಾತ್ರ. ಶಾಲೆಯಲ್ಲಿ ಸ್ವಂತ ಮಗು ಓದುತ್ತಿದ್ದರಷ್ಟೇ ಆ ಕುರ್ಚಿ ಎಂಬ ನಿಯಮವಿದೆ. ಅದಕ್ಕೆಂದೇ ಇಂಥ ಗೌರವಾನ್ವಿತರೊಬ್ಬರು ಮಗನನ್ನು ಹಳದಿ ಬಸ್ ಹತ್ತಿಸಿ, ಮಗಳನ್ನು ಸರ್ಕಾರಿ ಶಾಲೆಯಲ್ಲೇ ಉಳಿಸಿಕೊಂಡಿದ್ದಾರೆ.