ಗಾಣದ ಎಣ್ಣೆ ಬೇಕು, ಮಿರ್ಚಿ ಕರಿಯೋದಕ್ಕಲ್ಲ

ರಿಫೈಂಡ್ ಎಣ್ಣೆ ವಿಷ, ಗಾಣದ ಎಣ್ಣೆ ಅಮೃತ ಅನ್ನೋ ವಿಡಿಯೋಗಳು ವಾಟ್ಸಾಪಿನಲ್ಲಿ ಬರ್ತಾನೇ ಇರ್ತವೆ. ಅದರಲ್ಲಿ ಮಾತಾಡೋ ಮಹಾಶಯರು ಎಲ್ಲ ಹೇಳ್ತಾರೆ, ರೇಟು ಒಂದು ಬಿಟ್ಟು. ನಮ್ಮ ದಾವಣಗೆರೆಯಲ್ಲಿ ಮರದ ಗಾಣದ ಶೇಂಗಾ ಎಣ್ಣೆ ಲೀಟರಿಗೆ 300 ರೂಪಾಯಿ ಆಸುಪಾಸು. ತಿಂಗಳಿಗೆ ನಾಲ್ಕು ಲೀಟರ್ ಖರ್ಚಾಗೋ ಮನೆಗೆ ಅದು 1,200. ಹದಿನೈದು ಸಾವಿರದಲ್ಲಿ ಸಂಸಾರ ತೂಗಿಸೋ ಹೆಣ್ಣುಮಗಳು ಇದನ್ನ ನೋಡಿ, ಮಕ್ಕಳಿಗೆ ನಾನೇ ವಿಷ ಹಾಕ್ತಾ ಇದೀನಾ ಅಂತ ಕೊರಗಬೇಕು, ಅಷ್ಟೇ ಅದರ ಉಪಯೋಗ.

ಗಾಣದ ಎಣ್ಣೆ ಬಗ್ಗೆ ನನಗೆ ತಕರಾರಿಲ್ಲ. ನಮ್ಮನೇಲೂ ಇದೆ, ಆದರೆ ಸಣ್ಣ ಬಾಟಲಿನಲ್ಲಿ. ಬಿಸಿ ರೊಟ್ಟಿ ಪಕ್ಕ ಶೇಂಗಾ ಚಟ್ನಿಪುಡಿ ಹಾಕ್ಕೊಂಡು, ನಡುವೆ ಬೆರಳಿಂದ ಗುಳಿ ಮಾಡಿ ಒಂದು ಚಮಚ ಹಸಿ ಎಣ್ಣೆ ಬಿಡ್ತೀವಲ್ಲ, ಅಲ್ಲಿ ಅದರ ಘಮ ಮೂಗಿಗೆ ಬಡೀಬೇಕು. ಗುರೆಳ್ಳು ಚಟ್ನಿಗೆ, ಮಂಡಕ್ಕಿ ಒಗ್ಗರಣೆಗೆ, ಉಪ್ಪಿನಕಾಯಿಗೂ ಅದೇ ಸರಿ. ಆದರೆ ಅದೇ ಎಣ್ಣೆಯನ್ನ ಬಾಣಲೆ ತುಂಬ ಸುರಿದು ಮಿರ್ಚಿ ಕರಿದರೆ? ನೊರೆ ಉಕ್ಕುತ್ತೆ, ಘಮವೆಲ್ಲ ಹೊಗೆ ಜೊತೆ ಕಿಟಕಿಯಿಂದ ಆಚೆ ಹೋಗುತ್ತೆ. ಕರಿಯೋದಕ್ಕೆ ಅಗ್ಗದ ಎಣ್ಣೆ, ನಾಲಿಗೆಗೆ ಗೊತ್ತಾಗೋ ಕಡೆ ಒಳ್ಳೇ ಎಣ್ಣೆ. ಇದು ಜಿಪುಣತನ ಅಂತ ಯಾರಾದರೂ ಅಂದರೆ ಅನ್ನಲಿ.

ಇನ್ನು ಗಾಣದ್ದು ಅಂತ ಬೋರ್ಡ್ ಹಾಕಿದ್ದೆಲ್ಲ ಗಾಣದ್ದೇ ಅಂತೇನೂ ಇಲ್ಲ. ಲೆಕ್ಕ ಹಾಕಿ ನೋಡಿ. ಮರದ ಗಾಣದಲ್ಲಿ ಒಂದು ಕೆಜಿ ಎಣ್ಣೆ ಇಳೀಬೇಕಾದರೆ ಹೆಚ್ಚೂ ಕಡಿಮೆ ಎರಡೂವರೆ ಕೆಜಿ ಶೇಂಗಾ ಬೀಜ ಬೇಕು. ಬೀಜ ಕೆಜಿಗೆ 130 ಅಂದ್ರೂ 325 ರೂಪಾಯಿ ಆಯ್ತು. ಉಳಿಯೋ ಒಂದೂವರೆ ಕೆಜಿ ಹಿಂಡಿಯನ್ನ ದನ ಕಟ್ಟಿದೋರು ಕೆಜಿಗೆ 45ರಂತೆ ಒಯ್ದರು ಅಂತಿಟ್ಟುಕೊಳ್ಳಿ, ಸುಮಾರು 67 ವಾಪಸ್ ಬಂತು. ಅಲ್ಲಿಗೆ ಎಣ್ಣೆಯ ಅಸಲು ಕೆಜಿಗೆ 258, ಲೀಟರ್ ಎಣ್ಣೆ ಕೆಜಿಗಿಂತ ಕಡಿಮೆ ತೂಗೋದರಿಂದ ಲೀಟರಿಗೆ 235. ಕರೆಂಟು, ಆಳು, ಅಂಗಡಿ ಬಾಡಿಗೆ ಇನ್ನೂ ಸೇರಿಲ್ಲ. ಹಾಗಿರುವಾಗ ಯಾರಾದರೂ 200 ರೂಪಾಯಿಗೆ ಶುದ್ಧ ಗಾಣದ ಶೇಂಗಾ ಎಣ್ಣೆ ಕೊಡ್ತೀನಿ ಅಂದರೆ, ಒಂದೋ ಅವರು ದಾನಶೂರ ಕರ್ಣ, ಇಲ್ಲಾ ಅದರೊಳಗೆ ಬೇರೆ ಏನೋ ಇದೆ.

ಪಾಕೆಟ್ ಎಣ್ಣೆಯ ಆಟವೇ ಬೇರೆ. ಒಂದು ಲೀಟರ್ ಎಣ್ಣೆ ಅಂದರೆ ಸುಮಾರು 910 ಗ್ರಾಂ. 2022ರಲ್ಲಿ ಇಂತಿಷ್ಟೇ ಅಳತೆಯ ಪ್ಯಾಕ್ ಇರಬೇಕು ಅನ್ನೋ ಕಟ್ಟುಪಾಡು ಸಡಿಲ ಆದ ಮೇಲೆ 850, 800 ಗ್ರಾಂ ಪಾಕೆಟ್‌ಗಳು ಬಂದ್ವು. ನೋಡೋಕೆ ಎಲ್ಲಾ ಒಂದೇ ಗಾತ್ರ. ಅಂಗಡಿಯಲ್ಲಿ ಎರಡು ಪಾಕೆಟ್ ಪಕ್ಕಪಕ್ಕ ಇವೆ ಅಂದ್ಕೊಳ್ಳಿ: ಒಂದು 152 ರೂಪಾಯಿ, ಇನ್ನೊಂದು 145. ಕೈ ತಾನಾಗೇ 145ಕ್ಕೆ ಹೋಗುತ್ತೆ. ತಿರುಗಿಸಿ ನೋಡಿದರೆ ಮೊದಲನೇದು 910 ಗ್ರಾಂ, ಎರಡನೇದು 850. ಕೆಜಿ ಲೆಕ್ಕದಲ್ಲಿ ಮೊದಲನೇದು 167, ಎರಡನೇದು 170 ದಾಟುತ್ತೆ. ಏಳು ರೂಪಾಯಿ ಉಳಿಸಿದೆ ಅಂತ ಖುಷಿಯಾಗಿ ಬಂದೋರು ಮೂರು ರೂಪಾಯಿ ಜಾಸ್ತಿ ತೆತ್ತಿರ್ತಾರೆ. ಎಂಆರ್‌ಪಿ ಹತ್ತಿರವೇ ಗ್ರಾಂಗೆ ಅಥವಾ ಮಿಲಿಗೆ ಇಷ್ಟು ಪೈಸೆ ಅಂತ ಸಣ್ಣಕ್ಷರದಲ್ಲಿ ಹಾಕಿರ್ತಾರೆ. ಚಾಳೀಸು ಮನೇಲಿ ಬಿಟ್ಟು ಬಂದಿದ್ದರೆ ಅಂಗಡಿ ಹುಡುಗನ ಕೈಲಿ ಓದಿಸಿ, ನಾಚಿಕೆ ಏನಿಲ್ಲ.

ಹಿಂದುಗಡೆ ಇನ್ನೊಂದು ಸಾಲೂ ಓದಿಸಿ. ಮುಂದೆ ದೊಡ್ಡದಾಗಿ ಶೇಂಗಾ ಚಿತ್ರ ಇರುತ್ತೆ, ಆದರೆ ‘ಬ್ಲೆಂಡೆಡ್’ ಅಂತ ಇದ್ದರೆ ಅದು ಎರಡು ಎಣ್ಣೆಗಳ ಮಿಶ್ರಣ. ಯಾವ ಎಣ್ಣೆ ನೂರಕ್ಕೆ ಎಷ್ಟು ಅಂತ ಬರೆದಿರಲೇಬೇಕು. ಮಿಶ್ರಣ ಮಾಡೋದು ಕಾನೂನಿನ ಪ್ರಕಾರ ತಪ್ಪಲ್ಲ, ಎರಡರಲ್ಲಿ ಯಾವುದೂ ನೂರಕ್ಕೆ 20ಕ್ಕಿಂತ ಕಡಿಮೆ ಇರಬಾರದು ಅಷ್ಟೇ. ಆದರೆ 20 ಭಾಗ ಶೇಂಗಾಕ್ಕೆ ನೂರು ಭಾಗದ ರೇಟು ನಾವ್ಯಾಕೆ ಕೊಡಬೇಕು? ‘ಕೊಲೆಸ್ಟರಾಲ್ ಮುಕ್ತ’ ಅಂತ ಬರೆದಿದ್ದಕ್ಕಂತೂ ಒಂದು ಪೈಸೆನೂ ಜಾಸ್ತಿ ಕೊಡಬೇಡಿ. ಗಿಡದಿಂದ ಬರೋ ಯಾವ ಎಣ್ಣೆಯಲ್ಲೂ ಹೇಳಿಕೊಳ್ಳುವಷ್ಟು ಕೊಲೆಸ್ಟರಾಲ್ ಇರಲ್ಲ.

ಸೂರ್ಯಕಾಂತಿ ಎಣ್ಣೆ ನಮ್ಮ ಹೊಲದ್ದು ಅಂತ ಇನ್ನೂ ಬಹಳ ಜನ ನಂಬಿದಾರೆ. ಒಂದು ಕಾಲಕ್ಕೆ ಕರ್ನಾಟಕದಲ್ಲಿ ಸೂರ್ಯಕಾಂತಿ ಬಹಳ ಬೆಳೀತಿದ್ರು, ನಿಜ. ಈಗ ನಮ್ಮ ಸುತ್ತ ಕಣ್ಣು ಹಾಯಿಸಿದಲ್ಲೆಲ್ಲ ಮೆಕ್ಕೆಜೋಳ. ಪಾಕೆಟಿನೊಳಗೆ ಇರೋದು ಹೆಚ್ಚಾಗಿ ರಷ್ಯಾ, ಉಕ್ರೇನ್, ಅರ್ಜೆಂಟೀನಾದ್ದು. 2022ರ ಫೆಬ್ರುವರಿಯಲ್ಲಿ ಅಲ್ಲಿ ಯುದ್ಧ ಶುರುವಾದಾಗ ಇಲ್ಲಿ ಕಿರಾಣಿ ಅಂಗಡಿಯಲ್ಲಿ ರೇಟು ಜಿಗೀತು, ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ತಾಳೆ ಎಣ್ಣೆ ರಫ್ತು ನಿಲ್ಲಿಸಿದಾಗ ಇನ್ನೊಂದು ಪೆಟ್ಟು. 2024ರ ಸೆಪ್ಟೆಂಬರಿನಲ್ಲಿ ಆಮದು ಸುಂಕ ಏರಿಸಿದರು, 2025ರ ಮೇ ಕೊನೆಗೆ ರಿಫೈನ್ ಮಾಡದ ಕಚ್ಚಾ ಅಡುಗೆ ಎಣ್ಣೆಯ ಸುಂಕ ಇಳಿಸಿದರು. ಏರಿದ್ದು ಆ ವಾರವೇ ಗೊತ್ತಾಗುತ್ತೆ, ಇಳಿದದ್ದು ಅಂಗಡಿಗೆ ಬರೋ ಹೊತ್ತಿಗೆ ಮುಂದಿನ ಹಬ್ಬ ಬಂದಿರುತ್ತೆ. ಅದಕ್ಕೇ ಒಂದೇ ಎಣ್ಣೆಗೆ, ಒಂದೇ ಬ್ರ್ಯಾಂಡಿಗೆ ಗಂಟು ಬೀಳಬಾರದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರೂ ಎರಡು ಮೂರು ಬಗೆ ಎಣ್ಣೆ ಬಳಸಿ ಅಂತಲೇ ಹೇಳೋದು.

ನನ್ನ ಓಟು ತೌಡೆಣ್ಣೆಗೆ, ಅಂದರೆ ಅಕ್ಕಿ ತೌಡಿನಿಂದ ತೆಗೆಯೋ ರೈಸ್ ಬ್ರಾನ್ ಎಣ್ಣೆಗೆ. ಭದ್ರಾ ನಾಲೆಯ ಭತ್ತ, ಹರಿಹರ-ದಾವಣಗೆರೆ ಕಡೆ ರೈಸ್ ಮಿಲ್ಲು, ತೌಡಿಗೆ ಇಲ್ಲಿ ಬರವೇ ಇಲ್ಲ. ಆದರೂ ಅದು ದನದ ತೌಡಿನದಲ್ವಾ ಅಂತ ಮೂಗು ಮುರೀತಾರೆ. ಚೆನ್ನಾಗಿ ಕಾವು ತಡೆಯುತ್ತೆ, ಬೇಗ ಹೊಗೆ ಬರಲ್ಲ, ತನ್ನದು ಅಂತ ವಾಸನೆ ಇಲ್ಲದ ಕಾರಣ ಪಲ್ಯ ಸಾರಿಗೆಲ್ಲ ಹೊಂದುತ್ತೆ. ಒಂದು ಮಾತು: ತೌಡು ಬೇಗ ಮುಗ್ಗುತ್ತೆ, ಎಣ್ಣೆ ಅಂಶವೂ ಕಡಿಮೆ. ಹಾಗಾಗಿ ಸಾಮಾನ್ಯವಾಗಿ ದ್ರಾವಕ (ಎಣ್ಣೆಯನ್ನ ಕರಗಿಸಿ ಬಿಡಿಸೋ ರಾಸಾಯನಿಕ) ಹಾಕಿ ತೆಗೀತಾರೆ, ಆಮೇಲೆ ರಿಫೈನ್ ಮಾಡಲೇಬೇಕು. ‘ಗಾಣದ ತೌಡೆಣ್ಣೆ’ ಅಂತ ಯಾರಾದರೂ ಮಾರಿದರೆ ನಕ್ಕು ಮುಂದೆ ಹೋಗಿ.

ತಾಳೆ ಎಣ್ಣೆಯನ್ನ ಬೈಯೋರದು ಇನ್ನೊಂದು ಕಥೆ. ಅದರಲ್ಲಿ ಸ್ಯಾಚುರೇಟೆಡ್ ಕೊಬ್ಬು, ಅಂದರೆ ಜಾಸ್ತಿಯಾದರೆ ಹೃದಯಕ್ಕೆ ಒಳ್ಳೇದಲ್ಲ ಅನ್ನೋ ಬಗೆಯ ಕೊಬ್ಬು, ಹೆಚ್ಚು ಅನ್ನೋದು ಸರಿ, ಅರ್ಧದ ಹತ್ತಿರ ಇರುತ್ತೆ. ಆದರೆ ಹಾಗೆ ಬೈದವರೇ ಕೊಬ್ಬರಿ ಎಣ್ಣೆಯನ್ನ ಹೊಗಳ್ತಾರೆ, ಅದರಲ್ಲಿ ನೂರಕ್ಕೆ 90! ಮನೆಗೆ ತಾಳೆ ಎಣ್ಣೆ ತರಲ್ಲ ಅನ್ನೋರು ಸಂಜೆ ತಿನ್ನೋ ಬಿಸ್ಕತ್ತು, ಮಿಕ್ಸ್ಚರ್ ಪಾಕೆಟಿನ ಹಿಂದೆ ಒಮ್ಮೆ ಓದಲಿ. ದಿನಾ ಪಲ್ಯಕ್ಕೆ ಹಾಕಿ ಅಂತ ನಾನು ಹೇಳಲ್ಲ. ಪಂಚಮಿಗೋ ದೀಪಾವಳಿಗೋ ಚಕ್ಕುಲಿ ಕರಿಯೋಕೆ ಅದೇ ತಂದರೆ ಆಕಾಶವೇನೂ ಬೀಳಲ್ಲ. ಕೊಬ್ಬರಿ ಎಣ್ಣೆ ಮಾತು ಬಿಡಿ, 2025ರಲ್ಲಿ ತಿಪಟೂರಿನಲ್ಲಿ ಕೊಬ್ಬರಿ ಕ್ವಿಂಟಲ್‌ಗೆ 20 ಸಾವಿರ ದಾಟಿದ ಮೇಲೆ ಕರಾವಳಿ ನೆಂಟರೇ ಅಳೆದು ಸುರಿದು ಹಾಕ್ತಾ ಇದಾರೆ. ತುಪ್ಪ ಅನ್ನದ ಮೇಲಿನ ಒಂದು ಚಮಚಕ್ಕೆ ಸಾಕು.

ನಿಜವಾಗಿ ಹೆದರಬೇಕಾದ್ದು ಕರಿದುಳಿದ ಎಣ್ಣೆಗೆ. ನಮ್ಮಲ್ಲಿ ಅದನ್ನ ಚೆಲ್ಲೋಕೆ ಕೈ ಬರಲ್ಲ, ಮೇಲಿಂದ ಹೊಸದು ಸುರಿದು ಮತ್ತೆ ಕರೀತಾರೆ. 300 ರೂಪಾಯಿ ಗಾಣದ ಎಣ್ಣೆಯೂ ಹೀಗೆ ಮತ್ತೆ ಮತ್ತೆ ಕಾಸಿದರೆ ಕೆಡುತ್ತೆ. ಹೋಟೆಲು, ಬೇಕರಿಗಳಿಗೆ 2018ರ ಜುಲೈಯಿಂದ ನಿಯಮ ಇದೆ, ಒಟ್ಟು ಪೋಲಾರ್ ಸಂಯುಕ್ತಗಳು (ಎಣ್ಣೆ ಮತ್ತೆ ಮತ್ತೆ ಕಾದಾಗ ಹುಟ್ಟೋ ಕೆಟ್ಟ ಅಂಶಗಳು) ನೂರಕ್ಕೆ 25 ದಾಟಿದ ಎಣ್ಣೆ ಬಳಸೋ ಹಾಗಿಲ್ಲ. ಮನೆಯಲ್ಲಿ ಅಳೆಯೋ ಮೀಟರ್ ಇಲ್ಲ, ಕಣ್ಣು ಮೂಗು ಇವೆ: ಬಣ್ಣ ಕಪ್ಪಾಗಿ, ಬೆರಳಿಗೆ ಜಿಗುಟು ಹತ್ತಿ, ಕಾಯೋ ಮೊದಲೇ ಹೊಗೆ ಎದ್ದರೆ ಮುಗೀತು. ನಾನು ಸಣ್ಣ ಬಾಣಲೆಯಲ್ಲಿ ಸ್ವಲ್ಪವೇ ಎಣ್ಣೆ ಇಟ್ಟು ಕರೀತೀನಿ. ಉಳಿದದ್ದನ್ನ ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ, ಎರಡು ದಿನದೊಳಗೆ ಒಗ್ಗರಣೆಗೆ ಖಾಲಿ ಮಾಡ್ತೀನಿ. ಸೊಸೆ ಅಂತೂ, ‘ಅತ್ತೆ, ಇಷ್ಟು ಎಣ್ಣೇಲಿ ಬೋಂಡಾ ಈಜಲ್ಲ, ನಡೀತವೆ’ ಅಂತ ನಗ್ತಾಳೆ.

ಕೂತು ಕೆಲಸ ಮಾಡೋ ದೊಡ್ಡವರಿಗೆ ದಿನಕ್ಕೆ 20ರಿಂದ 30 ಗ್ರಾಂ ಎಣ್ಣೆ ಸಾಕು ಅಂತಾರೆ. 25 ಅಂತ ಹಿಡಿದರೆ ನಾಲ್ಕು ಜನಕ್ಕೆ ತಿಂಗಳಿಗೆ 3 ಕೆಜಿ, ಅಂದರೆ ಮೂರು ಲೀಟರಿಗೆ ಸ್ವಲ್ಪ ಮೇಲೆ. ನಾಲ್ಕು ಲೀಟರ್ ತರೋ ಮನೆ ಅಲ್ಲಿಗೆ ಇಳಿದರೆ, ಉಳಿದ ದುಡ್ಡಲ್ಲಿ ಕಾಲು ಲೀಟರಿಗೂ ಮೇಲೆ ಗಾಣದ ಎಣ್ಣೆ ಬರುತ್ತೆ.

ಅಂದಹಾಗೆ ಚಳ್ಳಕೆರೆ, ಜಗಳೂರು ಕಡೆಯವರು ಯಾರಾದರೂ ಇದ್ದರೆ ಈ ವಾರ ಶೇಂಗಾ ಬೀಜದ ರೇಟು ಎಷ್ಟಿದೆ ಹೇಳಿ. ಬೀಜ ನಾವೇ ಒಯ್ದರೆ ಕಣ್ಣೆದುರೇ ಆಡಿಸಿ ಕೊಡೋ ಗಾಣ ಗೊತ್ತಿದ್ದರೆ ಅದನ್ನೂ ಹಾಕಿ. ಹಿಂಡಿ ಅವರೇ ಇಟ್ಟುಕೊಳ್ತಾರಾ, ಕೂಲಿ ಕೆಜಿಗೆ ಎಷ್ಟು, ಅದೂ ಬೇಕು.