‘ತಲ್ಲಣಿಸದಿರು ಕಂಡ್ಯ’ ಹಾಡಿನ ಪಕ್ಕದಲ್ಲಿ ಬೈಬಲ್ ತೆರೆದಿಟ್ಟಾಗ

‘ಕಷ್ಟದಲ್ಲಿ ನಿಮ್ಮನ್ನು ಹಿಡಿದು ನಿಲ್ಲಿಸಿದ ಹಾಡು ಯಾವುದು? ಅದರಲ್ಲಿ ಕ್ರಿಸ್ತನನ್ನು ಎಲ್ಲಿ ಕಂಡಿರಿ?’ ಯುವಜನ ಕೂಟಗಳಲ್ಲಿ, ಮನೆ ಪ್ರಾರ್ಥನೆಗಳಲ್ಲಿ ಹೀಗೆ ಕೇಳುವುದುಂಟು. ಉತ್ತರ ಬಹಳ ಸಲ ಒಂದೇ ಅಚ್ಚಿನದು. ಸಿನಿಮಾ ಹಾಡಿನ ಎರಡು ಸಾಲು, ಅದರ ಬಾಲಕ್ಕೆ ಕಟ್ಟಿದ ಬೈಬಲಿನ ಒಂದು ವಚನ, ಆಮೆನ್. ಅಲ್ಲಿ ಹಾಡನ್ನೂ ಓದಿರುವುದಿಲ್ಲ, ವಚನವನ್ನೂ ಓದಿರುವುದಿಲ್ಲ. ಅದಕ್ಕಿಂತ ಸುಮ್ಮನೆ ಹಾಡು ಕೇಳಿ ಮನೆಗೆ ಹೋಗುವುದು ಲೇಸು ಎಂದೇ ನನ್ನ ಅಭಿಪ್ರಾಯ.

ಹಾಡಿನ ಪಕ್ಕ ಬೈಬಲ್ ಇಟ್ಟು ಓದುವ ಈ ಕೆಲಸವನ್ನು ನೆಟ್ಟಗೆ ಮಾಡಬೇಕೆಂದರೆ ಮುಂಬೈ, ಪುಣೆಯ ಕನ್ನಡಿಗರಿಗೆ ಕನಕದಾಸರ ‘ತಲ್ಲಣಿಸದಿರು ಕಂಡ್ಯ ತಾಳು ಮನವೆ’ಗಿಂತ ಒಳ್ಳೆಯ ಹಾಡು ನನಗೆ ತೋಚುವುದಿಲ್ಲ. ಬೀದರಿನವರಿಗೂ ಗೊತ್ತು, ಮಂಗಳೂರಿನವರಿಗೂ ಗೊತ್ತು. ಪಕ್ಕದ ಖೋಲಿಯ ಭಜನೆಯಲ್ಲಿ ಕಿವಿಗೆ ಬಿದ್ದಿರುತ್ತದೆ.

‘ದಾಸರ ಪದ ನಮಗೇಕೆ?’ ಎಂದು ಮುಖ ಗಂಟಿಕ್ಕುವ ಹಿರಿಯರು ಇರುತ್ತಾರೆ. ಅವರಿಗೆ ಇದೇ ನೆಲದ ಎರಡು ಹೆಸರು ಹೇಳಿದರೆ ಸಾಕು. ಥಾಮಸ್ ಸ್ಟೀಫನ್ಸ್ ಎಂಬ ಜೆಸುವಿತ್ ಪಾದ್ರಿ ಬೈಬಲಿನ ಕಥೆಯನ್ನು ಓವಿ ಎಂಬ ಮರಾಠಿ ಪದ್ಯಗಳಲ್ಲಿ ‘ಕ್ರಿಸ್ತಪುರಾಣ’ವಾಗಿ ಬರೆದರು. ಅದು ಗೋವೆಯ ರಾಚೋಲದಲ್ಲಿ 1616ರಲ್ಲಿ ಅಚ್ಚಾಯಿತು. 1895ರಲ್ಲಿ ಮುಂಬೈಯಲ್ಲಿ ಕ್ರೈಸ್ತ ದೀಕ್ಷಾಸ್ನಾನ ಪಡೆದ ಮರಾಠಿ ಕವಿ ನಾರಾಯಣ ವಾಮನ ಟಿಳಕರು ಕ್ರಿಸ್ತನ ಮೇಲೆ ಅಭಂಗಗಳನ್ನು ಕಟ್ಟಿದರು. ತುಕಾರಾಮನ ಸೇತುವೆ ದಾಟಿಯೇ ಕ್ರಿಸ್ತನ ಬಳಿಗೆ ಬಂದೆ ಎಂಬ ಅವರ ಮಾತು ಪ್ರಸಿದ್ಧ.

ಇನ್ನು ಹಾಡು. ಬೈಬಲ್ ಮುಚ್ಚಿಟ್ಟು ಮೊದಲು ಹಾಡನ್ನಷ್ಟೇ ಓದಿ. ಮೊದಲ ಓದಿಗೆ ಒಂದೇ ಪ್ರಶ್ನೆ: ಯಾರು ಯಾರಿಗೆ ಹೇಳುತ್ತಿದ್ದಾರೆ? ಕನಕದಾಸರು ಊರಿಗೆ ಉಪದೇಶ ಮಾಡುತ್ತಿಲ್ಲ, ತಮ್ಮ ಮನಸ್ಸಿಗೇ ಹೇಳಿಕೊಳ್ಳುತ್ತಿದ್ದಾರೆ. ಇದು ತಪ್ಪಿಹೋದರೆ ಇಡೀ ಹಾಡು ಹಾದಿ ಬಿಡುತ್ತದೆ, ಕೆಲಸ ಹೋಗಿ ಕೂತವನ ಮುಂದೆ ಸಂಬಳ ಬಂದವನು ‘ಚಿಂತೆ ಮಾಡಬೇಡಪ್ಪ’ ಎಂದ ಹಾಗೆ ಕೇಳಿಸುತ್ತದೆ.

ಇದು ಮನಸ್ಸಿಗೆ ನಾಟಿದ ಮೇಲೆ ಬೈಬಲಿನ ಕೀರ್ತನೆಗಳ ಗ್ರಂಥದಲ್ಲಿ 42 ಮತ್ತು 43ನೆಯವನ್ನು ತೆರೆಯಿರಿ. ಇವೆರಡೂ ಮೂಲತಃ ಒಂದೇ ಹಾಡು ಎಂದು ಬಹಳ ಪಂಡಿತರು ಹೇಳುತ್ತಾರೆ, ಯಾಕೆಂದರೆ 42:5, 42:11, 43:5 ಹೀಗೆ ಮೂರು ಕಡೆ ಒಂದೇ ಸಾಲು ಮರಳಿ ಬರುತ್ತದೆ. ಕುಗ್ಗಿಹೋದ ಮನಸ್ಸನ್ನು ಕೀರ್ತನೆಗಾರ ‘ಯಾಕೆ ಹೀಗೆ?’ ಎಂದು ಕೇಳಿ, ದೇವರಿಗಾಗಿ ಕಾದಿರು ಎನ್ನುತ್ತಾನೆ. ನಮ್ಮ ಪಲ್ಲವಿ ಮಾಡುವುದೂ ಇದನ್ನೇ. ಒಂದು ಸಲ ಹೇಳಿದರೆ ಮನಸ್ಸು ಎಲ್ಲಿ ಕೇಳುತ್ತದೆ? ಆದರೆ ವ್ಯತ್ಯಾಸವನ್ನೂ ಮುಚ್ಚಿಡಬೇಡಿ. ಕಾಡಿನ ಮೃಗಪಕ್ಷಿಗಳಿಗೆ ಆಹಾರ ಇತ್ತವರು ಯಾರು ಎಂದು ದಾಸರು ಕೇಳಿದರೆ, 42:3ರಲ್ಲಿ ಕೀರ್ತನೆಗಾರನಿಗೆ ಹಗಲಿರುಳೂ ಕಣ್ಣೀರೇ ಆಹಾರ. ಕೂಟದಲ್ಲಿ ಯಾರಾದರೂ ಬಾಯಿ ಬಿಟ್ಟು ಮಾತಾಡುವುದಾದರೆ ಈ ಜಾಗದಲ್ಲೇ. ಹತ್ತು ನಿಮಿಷ ಹೋದರೂ ಹೋಗಲಿ.

ಎರಡನೇ ಓದಿನಲ್ಲಿ ಪೆನ್ಸಿಲ್ ಹಿಡಿದು ‘ಯಾರು’ ಬಂದಲ್ಲೆಲ್ಲ ಗೆರೆ ಎಳೆಯಿರಿ. ಬೆಟ್ಟದ ತುದಿಯ ಮರಕ್ಕೆ ಕಟ್ಟೆ ಕಟ್ಟಿ ನೀರೆರೆದವರು, ಅಡವಿಯ ಪ್ರಾಣಿಗಳಿಗೆ ಉಣಿಸಿದವರು, ನವಿಲಿಗೆ ಚಿತ್ರ ಬರೆದವರು, ಹವಳಕ್ಕೆ ಕೆಂಪು, ಗಿಳಿಗೆ ಹಸಿರು ಇಟ್ಟವರು, ಕಲ್ಲಿನೊಳಗಿನ ಕಪ್ಪೆಗೆ ಆಹಾರ ಕೊಟ್ಟವರು. ಇವುಗಳಲ್ಲಿ ಎರಡು ಗುಂಪಿವೆ. ಒಂದು ಹೊಟ್ಟೆಯದು, ಇನ್ನೊಂದು ಅಂದಚಂದದ್ದು. ಈಗ ಮತ್ತಾಯ 6:25ರಿಂದ 34 ಓದಿ. ಅಲ್ಲಿಯೂ ಅವೇ ಎರಡು: ಬಿತ್ತದ ಕೊಯ್ಯದ ಹಕ್ಕಿಗೆ ಊಟ, ನೂಲದ ಹೂವಿಗೆ ಸೊಲೊಮೋನ ರಾಜನಿಗೂ ಇಲ್ಲದ ಉಡುಗೆ. ಹೋಲಿಕೆ ಒಂದು ಸಾಲಿನದಲ್ಲ, ವಾದದ ಕಟ್ಟಡವೇ ಒಂದೇ ಥರ ನಿಂತಿದೆ. ಕಲ್ಲಿನ ಕಪ್ಪೆಗೆ ಮಾತ್ರ ಸುವಾರ್ತೆಯಲ್ಲಿ ಜೋಡಿ ಇಲ್ಲ. ಹುಡುಕಲು ಹೋಗಬೇಡಿ, ಅದು ದಾಸರದೇ ಇರಲಿ.

‘ಯಾರು’ ಎಂಬ ಪ್ರಶ್ನೆಗಳ ಸಾಲು ಕಂಡ ಕೂಡಲೇ ಕೆಲವರು ಬೈಬಲಿನ ಯೋಬನ ಗ್ರಂಥಕ್ಕೆ ಓಡುತ್ತಾರೆ. 38:41ರಲ್ಲಿ ಕಾಗೆಗೆ ಆಹಾರ ಒದಗಿಸುವವರು ಯಾರು ಎಂಬ ಪ್ರಶ್ನೆ ಇದೆ, ನಿಜ. ಆದರೆ ಅಲ್ಲಿ ಪ್ರಶ್ನೆ ಕೇಳುವವನು ದೇವರು, ಅದೂ ಬಿರುಗಾಳಿಯೊಳಗಿಂದ, ನೊಂದ ಯೋಬ ಬಾಯಿ ಮೇಲೆ ಕೈಯಿಟ್ಟುಕೊಳ್ಳುವ ತನಕ. ಕನಕದಾಸರಲ್ಲಿ ನೊಂದವನೇ ತನ್ನನ್ನು ಕೇಳಿಕೊಳ್ಳುತ್ತಾನೆ. ಸಾವಾದ ಮನೆಯಲ್ಲಿ ಈ ಹಾಡಿನ ಜತೆ ಯೋಬ 38 ಓದಿದರೆ ಸಾಂತ್ವನ ಹೋಗಿ ಗದರಿಕೆ ಉಳಿಯುತ್ತದೆ. ಅಂಥಲ್ಲಿ ಯೆಶಾಯ 49:15 ಸಾಕು, ಹಡೆದ ತಾಯಿ ಮರೆತರೂ ನಾನು ಮರೆಯೆ ಎನ್ನುವ ಮಾತು. ಹಾಡಿನಲ್ಲೇ ‘ಹಡೆದ ಜನನಿಯ ತೆರದಿ’ ಇದೆಯಲ್ಲ.

ಕ್ರೈಸ್ತ ಅರ್ಥದ ಬೀಗದಕೈ ಇರುವುದು ನನ್ನ ಪ್ರಕಾರ ಬೇರೆ ಸಾಲಿನಲ್ಲಿ: ‘ಹುಟ್ಟಿಸಿದ ದೇವ ತಾ ಹೊಣೆಗಾರನಾಗಿರಲು’. ಹೊಣೆ ಎಂದರೇನು ಎಂದು ಮುಂಬೈಯ ಕೆಲಸಗಾರನಿಗೆ ವಿವರಿಸಬೇಕಾಗಿಲ್ಲ. ಪತಸಂಸ್ಥೆಯಲ್ಲಿ, ಅಂದರೆ ಸಹಕಾರಿ ಸಾಲದ ಸಂಘದಲ್ಲಿ, ಸಾಲ ಎತ್ತಲು ಜಾಮೀನುದಾರರ ಸಹಿ ಬೇಕು. ಕಂತು ನಿಂತರೆ ನೋಟಿಸು ಅವರಿಗೂ ಹೋಗುತ್ತದೆ, ಅವರ ಸಂಬಳಕ್ಕೂ ಕೈ ಬೀಳಬಹುದು. ಅದಕ್ಕೇ ಸ್ವಂತ ತಮ್ಮನಿಗೂ ಸಹಿ ಹಾಕಲು ಜನ ಹಿಂದೆಮುಂದೆ ನೋಡುತ್ತಾರೆ. ಬೈಬಲೂ ಇದಕ್ಕೆ ಬೇಡ ಎಂದೇ ಹೇಳುತ್ತದೆ. ಜ್ಞಾನೋಕ್ತಿ 6:1ರಿಂದ 5 ಓದಿ: ನೆರೆಯವನಿಗೆ ಹೊಣೆಯಾಗಿ ಸಿಕ್ಕಿಕೊಂಡಿದ್ದರೆ ಬೇಟೆಗಾರನಿಂದ ಜಿಂಕೆ ತಪ್ಪಿಸಿಕೊಳ್ಳುವಂತೆ ತಪ್ಪಿಸಿಕೋ. ಆದರೆ ಆದಿಕಾಂಡ 43:9ರಲ್ಲಿ ಯೆಹೂದನು ತಮ್ಮ ಬೆನ್ಯಾಮೀನನಿಗಾಗಿ ತಂದೆಯ ಮುಂದೆ ಹೊಣೆ ನಿಲ್ಲುತ್ತಾನೆ. ಮಾತಿಗಷ್ಟೇ ಅಲ್ಲ, 44:33ರಲ್ಲಿ ‘ಹುಡುಗನ ಬದಲು ನಾನು ದಾಸನಾಗಿರುತ್ತೇನೆ’ ಎನ್ನುತ್ತಾನೆ. ಯೇಸು ಆ ಯೆಹೂದನ ವಂಶದವನು. ಇಬ್ರಿಯರಿಗೆ ಬರೆದ ಪತ್ರಿಕೆ 7:22 ಯೇಸುವನ್ನು ಶ್ರೇಷ್ಠವಾದ ಒಡಂಬಡಿಕೆಯ ಹೊಣೆ ಎನ್ನುತ್ತದೆ. ಹುಟ್ಟಿಸಿದವನ ಮೇಲೆ ಹೊಣೆ ಇದೆ ಎನ್ನುವಲ್ಲಿಗೆ ಕನಕದಾಸರ ವಾದ ನಿಲ್ಲುತ್ತದೆ. ಹೊಣೆ ನಿಂತವನು ನಮ್ಮ ಬಾಕಿಯನ್ನು ತಾನೇ ಶಿಲುಬೆಯ ಮೇಲೆ ತೀರಿಸಿದ ಎಂಬುದು ಸುವಾರ್ತೆ. ಇಲ್ಲಿ ಒಂದು ಎಚ್ಚರ ಬೇಕು. ‘ಕನಕದಾಸರು ಹೇಳಿದ್ದೂ ಇದನ್ನೇ’ ಅನ್ನಬಾರದು. ಅವರು ಹೇಳಿದ್ದು ಕಾಗಿನೆಲೆಯ ಆದಿಕೇಶವನ ಮಾತು. ಅವರ ಸಾಲು ನಮಗೆ ಒಂದು ಬಾಗಿಲು ತೆರೆದುಕೊಟ್ಟಿತು ಎನ್ನಿ. ಅಷ್ಟೇ ಸತ್ಯ.

ಹಾಡಿನ ಕಷ್ಟದ ಜಾಗ ‘ಇದಕೆ ಸಂಶಯವಿಲ್ಲ’. ಮಗು ಆಸ್ಪತ್ರೆಯಲ್ಲಿರುವ ತಾಯಿಗೆ ಸಂಶಯ ಇದ್ದೇ ಇರುತ್ತದೆ, ಇರಲಿ. ಮತ್ತಾಯ 10:29ರ ಪ್ರಕಾರ ಒಂದು ಕಾಸಿಗೆ ಎರಡು ಗುಬ್ಬಿ. ಲೂಕ 12:6ರಲ್ಲಿ ಎರಡು ಕಾಸಿಗೆ ಐದು. ಲೆಕ್ಕ ಹಾಕಿ, ಐದನೆಯದು ಬಿಟ್ಟಿ. ಬಿಟ್ಟಿ ಕೊಟ್ಟ ಗುಬ್ಬಿಯನ್ನೂ ದೇವರು ಮರೆಯುವುದಿಲ್ಲ ಎನ್ನುತ್ತಾನೆ ಯೇಸು. ಆದರೆ ಗುಬ್ಬಿ ನೆಲಕ್ಕೆ ಬೀಳುವುದೇ ಇಲ್ಲ ಎಂದು ಅವನು ಹೇಳಲಿಲ್ಲ. ಬೀಳುತ್ತದೆ, ತಂದೆಯನ್ನು ಬಿಟ್ಟು ಬೀಳುವುದಿಲ್ಲ. ‘ಚಿಂತೆ ಮಾಡಬೇಡಿರಿ’ ಎಂದ ಅದೇ ಬಾಯಿ ಗೆತ್ಸೆಮನೆ ತೋಟದಲ್ಲಿ ‘ಸಾಯುವಷ್ಟು ದುಃಖವಾಗಿದೆ’ ಎಂದಿತು, ಮತ್ತಾಯ 26:38. ತಲ್ಲಣವನ್ನೇ ಪಾಪ ಎಂದು ಬೋಧಿಸುವವರು ಈ ವಚನವನ್ನು ಎಲ್ಲಿ ಇಡುತ್ತಾರೋ ನಾನರಿಯೆ.

ಅಂಕಿತಕ್ಕೆ ಕೈ ಹಾಕಬೇಡಿ. ‘ಆದಿಕೇಶವ’ನನ್ನು ತೆಗೆದು ‘ಯೇಸುಸ್ವಾಮಿ’ ಎಂದು ಕೂರಿಸಿ ಹಾಡುವವರಿದ್ದಾರೆ. ಮಾತ್ರೆಯೂ ಕೆಡುತ್ತದೆ, ಮಾನವೂ ಕೆಡುತ್ತದೆ. ಅಂಕಿತವೆಂದರೆ ಕವಿಯ ಸಹಿ, ಬೇರೆಯವರ ಸಹಿ ಅಳಿಸಿ ನಮ್ಮದು ಹಾಕುವುದಕ್ಕೆ ಲೋಕದಲ್ಲಿ ಬೇರೆ ಹೆಸರಿದೆ. ಕೊನೆಯ ನುಡಿಯನ್ನು ಹಾಡಲು ಮನಸ್ಸು ಒಪ್ಪದಿದ್ದರೆ ಹಾಡಬೇಡಿ, ಓದಿ ಬಿಡಿ. ಯೇಸುವಿನ ಹೆಸರಿನ ಹಾಡೇ ಬೇಕಾದರೆ ಟಿಳಕರಂತೆ ಹೊಸದಾಗಿ ಕಟ್ಟಬೇಕು.

ಕೂಟಕ್ಕೆ ನಲವತ್ತೈದು ನಿಮಿಷ ಇಟ್ಟುಕೊಳ್ಳಿ. ಹಾಡಿಗೆ ಐದಾರು ನಿಮಿಷ, ಕೀಬೋರ್ಡ್ ಬೇಡ, ತಂಬೂರಿಯ ಶ್ರುತಿ ಮೊಬೈಲಿನಲ್ಲೇ ಸಿಗುತ್ತದೆ. ಹಾಳೆ ಹಂಚುವಾಗ ಒಂದು ತೊಡಕು ಬರುತ್ತದೆ: ಇಲ್ಲಿ ಹುಟ್ಟಿ ಬೆಳೆದ ಎಷ್ಟೋ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ದೇವನಾಗರಿಯಲ್ಲಿ ಬರೆದು ಕೊಡಿ, ಆದರೆ ಮರಾಠಿ ಬರವಣಿಗೆಯಲ್ಲಿ ಹ್ರಸ್ವ ಎ, ಒ ಇಲ್ಲ. ಹಾಗಾಗಿ ‘ಎಲ್ಲರನು’ ‘ಏಲ್ಲರನು’ ಆಗುತ್ತದೆ, ‘ಹೊಣೆ’ ‘ಹೋಣೆ’ ಆಗಿ ತಾಳ ಎಳೆದಾಡುತ್ತದೆ. ಅಂಥ ಅಕ್ಷರಗಳ ಕೆಳಗೆ ಒಂದು ಚುಕ್ಕೆ ಇಟ್ಟು, ಚುಕ್ಕೆ ಕಂಡಲ್ಲಿ ಗಿಡ್ಡವಾಗಿ ಹೇಳಿ ಎಂದು ಮೊದಲೇ ಕಲಿಸಿ. ಹಾಳೆಯ ತಲೆಯಲ್ಲಿ ಕನಕದಾಸರ ಹೆಸರು ಇರಲಿ. ಭಾನುವಾರದ ಆರಾಧನೆಯಲ್ಲಿ ಹಾಡುವ ಮಾತು ಬಂದರೆ ನನ್ನ ಮಟ್ಟಿಗೆ ಬೇಡ, ಮನೆ ಕೂಟಕ್ಕೇ ಇದು ಒಪ್ಪುವುದು. ಅದಕ್ಕೂ ಮುಂಚೆ ಸಭಾಪಾಲಕರಿಗೆ ಹಾಳೆ ತೋರಿಸಿಬಿಡಿ, ಆಮೇಲೆ ವಾಟ್ಸಾಪ್ ಗುಂಪಿನಲ್ಲಿ ಜಗಳ ಬಿಡಿಸುವ ಕೆಲಸ ತಪ್ಪುತ್ತದೆ.